ಅವ್ವಾ, ಎಕ್ಸ್‌ಟ್ರಾವಗಂಟ್ ಅಂದರೆ ಅದಲ್ಲ

ಅವ್ವಾ,

ಕಾಗದದ ಮೊದಲಿಗೆ ಇತ್ತ ಎಲ್ಲರೂ ಕ್ಷೇಮ ಎಂದು ಬರೆಯಬೇಕೆಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಎಲ್ಲರೂ ಎಂದು ನಾನು ಬರೆಯಲಾರೆ. ಅಪ್ಪನ ಮೊಳಕಾಲು ಹಿಡಿದುಕೊಂಡಿದೆ, ಬಿಳಿ ಎತ್ತಿನ ಹೆಗಲಿಗೆ ಹುಣ್ಣಾಗಿದೆ, ನನಗೆ ಎಂದಿನಂತೆ ಒಂದು ಕಡೆ ಕೂಡಲು ಆಗುತ್ತಿಲ್ಲ. ಉಳಿದವರು ಕ್ಷೇಮ. ನಿನಗೆ ಓದಲು ಬರುತ್ತಿರಲಿಲ್ಲ, ಅಲ್ಲಿ ಯಾರಾದರೂ ಓದಿ ಹೇಳಬೇಕಾದೀತು. ಇಂಗ್ಲಿಷ್ ಬಲ್ಲವರ ಕೈಗೆ ಮಾತ್ರ ಕೊಡಬೇಡ. ಅವರು ನಡುನಡುವೆ ತಮ್ಮದೊಂದು ಮಾತು ಸೇರಿಸಿ ಓದುತ್ತಾರೆಂದು ನನಗೆ ಅನುಮಾನ. ಅಕ್ಷರ ಕೂಡಿಸಿ ಕೂಡಿಸಿ ಓದುವವರು ಯಾರಾದರೂ ಇದ್ದರೆ ಅವರಿಂದ ಓದಿಸು, ತಡವಾದರೂ ಚಿಂತೆಯಿಲ್ಲ.

ನನ್ನ ಅನುಮಾನದ ಬುದ್ಧಿ ನಿನಗೆ ಹೊಸದಲ್ಲ. ನೀನು ಬುತ್ತಿ ಕಟ್ಟಿ ಕೊಟ್ಟರೂ ಹೊಸ್ತಿಲಲ್ಲೇ ಬಿಚ್ಚಿ ರೊಟ್ಟಿ ಎಣಿಸಿಕೊಂಡು ಹೋಗುತ್ತಿದ್ದವನು ನಾನು. ‘ನಿಮ್ಮವ್ವನ ಮ್ಯಾಲೂ ನಂಬಿಕಿ ಇಲ್ಲೇನೋ ನಿನಗ?’ ಎಂದು ನೀನು ನಗುತ್ತಿದ್ದೆ. ಈಗ ಬರೆಯುತ್ತಿರುವುದೂ ಅಂಥದೇ ಒಂದು ಅನುಮಾನದ ಸಲುವಾಗಿ. ನೀನು ನನ್ನನ್ನು ಒಂದು ಶಬ್ದದ ಅರ್ಥ ಕೇಳಿದ್ದೆ. ಅದನ್ನು ತಿಳಿದುಕೊಂಡು ಬಂದಿದ್ದೇನೆ. ಆದರೆ ಬರುವಷ್ಟರಲ್ಲಿ...

ಆ ಎಳ್ಳಮಾವಾಸ್ಯೆ ನೆನಪಿದೆಯೇ? ನಮ್ಮ ಬೆಳವಣಕಿಯ ಎರೆಹೊಲದಲ್ಲಿ ಜೋಳ ಎದೆಮಟ್ಟ ನಿಂತಿತ್ತು, ಕಡಲೆ ಗಿಡದ ಹುಳಿ ಕಾಲಿಗೆ ಹತ್ತುತ್ತಿತ್ತು. ಬೇರೆ ಮನೆಗಳಲ್ಲಿ ಚರಗ ಚೆಲ್ಲುವುದು ಗಂಡಸರು. ನಮ್ಮ ಅಪ್ಪನ ದನಿ ಎತ್ತರಕ್ಕೆ ಏಳುವುದಿಲ್ಲವೆಂದು ನಮ್ಮಲ್ಲಿ ಬುಟ್ಟಿ ನಿನ್ನ ಸೊಂಟಕ್ಕೆ ಬರುತ್ತಿತ್ತು. ಅಪ್ಪ ತಂಬಿಗೆಯಿಂದ ನೀರು ಚಿಮುಕಿಸುತ್ತ ನಿನ್ನ ಹಿಂದೆ. ಕಡಬು, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಎಲ್ಲವನ್ನೂ ಮುರಿದು ಕಲಸಿದ ಆ ಬುಟ್ಟಿಯಿಂದ ನೀನು ಹಿಡಿ ಹಿಡಿಯಾಗಿ ಭೂಮಿಗೆ ಉಣಿಸುತ್ತಿದ್ದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ತೋಳು ಬೀಸಿ, ‘ಹುಲ್ಲುಲ್ಲಿಗೋ’ ಎಂದು ಕೂಗಿದರೆ ಮೂರು ಹೊಲದ ಆಚೆಯ ಎತ್ತು ಕಿವಿ ನಿಮಿರಿಸುತ್ತಿತ್ತು. ಹಕ್ಕಿಗಳು ಬೇರೆಯವರ ಹೊಲ ಬಿಟ್ಟು ನಮ್ಮ ಹೊಲಕ್ಕೆ ಬರುತ್ತವೆ ಎಂದು ನೀನೇ ಹೇಳುತ್ತಿದ್ದೆ. ಅದೂ ನಿಜವೇ ಎಂದು ನಾನು ಪಕ್ಕದ ಹೊಲಕ್ಕೆ ಹೋಗಿ ನೋಡಿ ಬಂದಿದ್ದೆ.

ಕಾಕಾ ಬದುವಿನ ಮೇಲೆ ಕೋಟು ತೊಟ್ಟುಕೊಂಡೇ ನಿಂತಿದ್ದರು. ರೋಣದ ಕಚೇರಿಯ ಕಾರಕೂನರು, ಶನಿವಾರ ಸಂಜೆ ಊರಿಗೆ ಬಂದು ಮನೆಯ ಕೊಡುವುದು ಕೊಳ್ಳುವುದನ್ನೆಲ್ಲ ನೋಡುವವರು, ಅಪ್ಪನಿಗೆ ತಮ್ಮನಾದರೂ ಅಪ್ಪ ಎದುರಾಡದ ತಮ್ಮ. ಊಟಕ್ಕೆಂದು ಬಾಜೂ ಹೊಲದವರು ಬಂದಿದ್ದರು. ನೀನು ಬುಟ್ಟಿ ಖಾಲಿ ಮಾಡಿಕೊಂಡು ಬಂದು ಇನ್ನೊಂದು ಸಲ ತುಂಬಿಸತೊಡಗಿದಾಗ ಕಾಕಾ ಅವರ ಕಡೆ ತಿರುಗಿ ಅಂದರು: ‘ಎಂಥಾ ಎಕ್ಸ್‌ಟ್ರಾವಗಂಟ್ ಹೆಣಮಗಳರಿ ಈಕಿ!’

ಅರ್ಥ ತಿಳಿಯದವರೇ ಮೊದಲು ನಕ್ಕರು. ಒಬ್ಬನಂತೂ ‘ಹೌದ್ರೀ ಸಾಹೇಬ್ರ, ಭಾಳ!’ ಎಂದ. ನಿನ್ನ ಕೈ ಬುಟ್ಟಿಯ ಕಂಠದ ಮೇಲೆ ನಿಂತುಬಿಟ್ಟಿತು. ಬೀಸಿದ ತೋಳು, ಸಿಕ್ಕಿಸಿದ ಸೆರಗು, ಅಷ್ಟು ದೊಡ್ಡ ದನಿ... ಮಂದಿಯ ಮುಂದೆ ಹೆಂಗಸಿಗೆ ಅಂದ ಇಂಗ್ಲಿಷ್ ಮಾತು. ನೀನು ಸೆರಗು ಬಿಚ್ಚಿ ಹೊದ್ದುಕೊಂಡೆ.

ಸಂಜೆ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ನನ್ನನ್ನು ಕರೆದೆ. ನಾನಾಗ ಮನೆಯಲ್ಲಿ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದ ಒಬ್ಬನೇ ಒಬ್ಬ.

‘ಬಸೂ, ನಿಮ್ಮ ಕಾಕಾ ಅಂದ್ರಲ್ಲ, ಆ ಮಾತು... ಅದು ಕೆಟ್ಟ ಹೆಂಗಸಿಗೆ ಅನ್ನೋದೇನ?’

‘ಗೊತ್ತಿಲ್ಲವ್ವಾ. ಮಾಸ್ತರನ್ನ ಕೇಳ್ತೀನಿ.’

‘ಕೇಳು. ಆದ್ರ ನನ್ನ ಹೆಸರ ತಗೀಬ್ಯಾಡ. ನಿಮ್ಮಪ್ಪಗೂ ಹೇಳಬ್ಯಾಡ.’

ನಾನು ಕೇಳಿದೆ, ಅವ್ವಾ. ಮಾಸ್ತರರು ಕನ್ನಡಕದ ಮೇಲಿನಿಂದ ನೋಡಿ, ‘ಎಲ್ಲಿಂದ ತಂದೀ ಇದನ್ನ? ಮೊದಲ ನಿನ್ನ ಪುಸ್ತಕದಾಗಿನ ಶಬ್ದ ಕಲಿ’ ಎಂದು ನಕ್ಕು ಕೂಡಿಸಿದರು. ಅವರು ಯಾಕೆ ಹೇಳಲಿಲ್ಲ? ಹೇಳಬಾರದ್ದೇ ಇರಬೇಕು ಎಂದು ನಾನು ತೀರ್ಮಾನಿಸಿದೆ. ನಿನ್ನ ಮುಂದೆ ಬಂದು ‘ಹೇಳಲಿಲ್ಲವ್ವಾ’ ಎಂದಷ್ಟೇ ಹೇಳಿದೆ. ನೀನು ‘ಹೂಂ’ ಎಂದೆ. ಆ ಹೂಂ ನನಗೆ ಇವತ್ತಿಗೂ ಕೇಳಿಸುತ್ತದೆ. ಬೆಂಚಿನ ಮೇಲೆ ಕೂಡಲಾರದೆ ನಾನು ಶಾಲೆ ಬಿಟ್ಟದ್ದು ಅದೇ ವರ್ಷ. ಮುಂದಿನ ಎಳ್ಳಮಾವಾಸ್ಯೆಗೆ ಬುಟ್ಟಿ ಅಣ್ಣನ ಕೈಗೆ ಹೋಯಿತು, ಕಾಳಿನ ಖೋಲಿಯ ಕೀಲಿಕೈ ಕಾಕಾನ ಕೊರಳಿನ ದಾರಕ್ಕೆ ಹೋಯಿತು. ನೀನು ಬಂಡಿಯ ನೆರಳಲ್ಲಿ ಕೂತಿದ್ದೆ. ಕೂಗಲಿಲ್ಲ. ಆಮೇಲಿನ ಬೇಸಿಗೆಯ ಜ್ವರ ನಿನ್ನನ್ನು ಒಯ್ದಿತು.

ಗಂಗಾ ವೈನಿಯ ಮಾತು ಹೇಳುತ್ತೇನೆ ಈಗ. ನಿನ್ನ ಅಣ್ಣನ ಮಗಳನ್ನೇ ನಮ್ಮ ಅಣ್ಣನಿಗೆ ಹೆಂಡತಿಯಾಗಿ ತರಬೇಕೆಂದು ನೀನು ಆಡುತ್ತಿದ್ದೆಯಲ್ಲ, ತಂದೆವು. ನಿನ್ನ ತವರು ಹೊಳೆಮಣ್ಣೂರಿನ ಕೈ, ನಿನ್ನದೇ ಕೈ. ಹಾದಿಯ ಮೇಲೆ ಬಂಡಿ ನಿಲ್ಲಿಸಿ ನೀರು ಕೇಳಿದವರಿಗೆ ನೀರಿನ ಜೊತೆ ರೊಟ್ಟಿ, ರೊಟ್ಟಿಯ ಮೇಲೆ ಬೆಣ್ಣೆ. ವಾರಕ್ಕೊಮ್ಮೆ ಕಾಕಾ ತೆಗೆದುಕೊಟ್ಟ ಜೋಳ ಶುಕ್ರವಾರಕ್ಕೇ ಮುಗಿಯುತ್ತಿತ್ತು. ಈ ಮಾಗಿಯಲ್ಲಿ ಒಂದು ಶನಿವಾರ ವೈನಿ ಬಾಗಿಲ ಮರೆಯಲ್ಲಿ ನಿಂತು, ‘ಕೀಲಿಕೈ ನನ್ನ ಕಡೆ ಇರಲ್ರಿ, ಅಡಿಗಿ ಮಾಡಾಕಿ ನಾನಲ್ರಿ?’ ಎಂದು ಕೇಳಿಯೇ ಬಿಟ್ಟಳು. ಕಾಕಾ ಅಪ್ಪನ ಕಡೆ ತಿರುಗಿ, ‘ಇದೂ ಎಕ್ಸ್‌ಟ್ರಾವಗಂಟ್ ನೋಡು. ಅತ್ತಿ ಹಂಗ ಸೊಸಿ. ಈ ಸಲ ಚರಗಕ್ಕ ಒಂದ ಮಾಪು, ಹೆಚ್ಚಿಗಿ ಇಲ್ಲ’ ಅಂದರು.

ಮಾರನೆಯ ದಿನ ವೈನಿಯ ಟ್ರಂಕು ನಡುಮನೆಗೆ ಬಂದಿತ್ತು. ಅಮಾವಾಸ್ಯೆ ಮುಗಿದ ಮರುದಿನ ತವರಿಗೆ ಹೋಗುತ್ತೇನೆ, ಕರೆಯಲು ಯಾರೂ ಬರುವುದು ಬೇಡ ಎಂದಳು. ಅಣ್ಣ ತಲೆ ಕೆರೆದುಕೊಂಡು ಹೊಲಕ್ಕೆ ಹೋದ. ನಾನು ಹಿತ್ತಲಿಗೆ ಹೋದಾಗ ಅವಳು ದನಿ ತಗ್ಗಿಸಿ ಕೇಳಿದಳು: ‘ಬಸಣ್ಣಾ, ನೀ ಇಂಗ್ಲಿಷ್ ಓದಿದಾವ. ಖರೇ ಹೇಳು. ಅದು ನಡತಿ ಸರಿ ಇಲ್ಲದಾಕಿಗೆ ಅನ್ನೋ ಮಾತು ಹೌದಲ್ಲ?’

ಅದೇ ಹಿತ್ತಲು, ಅದೇ ದನಿ. ಅವ್ವಾ, ನನಗೆ ಕಾಕಾನ ಮೇಲೆ ಬಂದ ಸಂಶಯ ಆ ಹೊತ್ತಿಗೆ ಗಟ್ಟಿಯಾಯಿತು. ನೀನೂ ವೈನಿಯೂ ಹಾಗೆ ತಿಳಿದುಕೊಳ್ಳಲಿ ಎಂದೇ ಅವರು ಆ ಮಾತನ್ನು ಕನ್ನಡದಲ್ಲಿ ಹೇಳುವುದಿಲ್ಲವೇನು? ಒಮ್ಮೆ ಅಂದರೆ ಕೀಲಿಕೈ ಬರುತ್ತದೆ, ಇನ್ನೊಮ್ಮೆ ಅಂದರೆ ಕೇಳಿದವಳೇ ಮನೆ ಬಿಡುತ್ತಾಳೆ. ಅರ್ಥವನ್ನು ಅವರನ್ನೇ ಕೇಳಿದರೆ ಅವರು ಹೇಳಿದ್ದೇ ಅರ್ಥವಾಗಿಬಿಡುತ್ತದೆ. ಹೊರಗೆ ತಿಳಿದುಕೊಂಡು ಬರಬೇಕಿತ್ತು.

ನರಗುಂದದಲ್ಲಿ ಆ ಶಬ್ದ ತಾನಾಗಿ ಎದುರಿಗೆ ಬಂತು. ನಾನೀಗ ಗಜೇಂದ್ರಗಡದ ಒಬ್ಬ ಸಾಹುಕಾರರ ಮಗ್ಗದ ಸೀರೆಗಳನ್ನು ಗಂಟು ಕಟ್ಟಿಕೊಂಡು ಊರೂರು ತಿರುಗಿ ಮಾರುತ್ತೇನೆ. ಒಂದು ಕಡೆ ಕೂಡುವ ಕೆಲಸವಲ್ಲ, ಅದಕ್ಕೇ ನಿಂತಿದ್ದೇನೆ. ಅಲ್ಲಿ ಡಾಕ್ಟರರ ಮನೆಯ ಕಟ್ಟೆಯ ಮೇಲೆ ಅವರ ಹೆಂಡತಿ ಕೆಂಪು ಸೆರಗಿನ ಸೀರೆ ಬಿಚ್ಚಿ ಹೆಗಲಿಗೆ ಹಾಕಿಕೊಂಡು ನೋಡುತ್ತಿದ್ದರು. ಡಾಕ್ಟರರು ದವಾಖಾನೆಗೆ ಹೊರಟವರು ಮೆಟ್ಟಿಲಿಳಿಯುತ್ತ, ತಿರುಗಿಯೂ ನೋಡದೆ, ‘ಡೋಂಟ್ ಬಿ ಎಕ್ಸ್‌ಟ್ರಾವಗಂಟ್’ ಎಂದು ಹೋದರು. ಹೆಂಡತಿ ಸೀರೆಯನ್ನು ಹೆಗಲಿನಿಂದ ಇಳಿಸಿದರು. ನೀನು ಸೆರಗು ಬಿಚ್ಚಿ ಹೊದ್ದುಕೊಂಡಿದ್ದೆಯಲ್ಲ, ಹಾಗೇ.

‘ಬಾಯಾರ, ಈಗ ಸಾಹೇಬ್ರು ಅಂದ್ರಲ್ರಿ, ಅದಕ್ಕ ಏನ ಅರ್ಥರಿ?’

‘ಯಾಕಪಾ, ವ್ಯಾಪಾರ ಕೆಡ್ತಂತೇನ?’

‘ವ್ಯಾಪಾರ ಹೋಗ್ಲಿ ಬಿಡ್ರಿ. ಅರ್ಥ ಹೇಳ್ರಿ.’

‘ಬೇಕಾದ್ದಕ್ಕಿಂತ ಹೆಚ್ಚ ಖರ್ಚು ಮಾಡೋದು. ದುಂದು.’

‘ಅಷ್ಟರಿ?’

‘ಅಷ್ಟ. ಇನ್ನೆಷ್ಟ ಬೇಕಾಗಿತ್ತು ನಿನಗ?’

‘ಹೆಂಗಸರಿಗೆ ಅಂದ್ರ ಬ್ಯಾರೆ ಏನಾರ...’

ಅವರು ಸೀರೆ ಮಡಚುವುದನ್ನು ನಿಲ್ಲಿಸಿದರು. ‘ನಿಮ್ಮ ಮನ್ಯಾಗ ಯಾರಿಗೆ ಅಂದ್ರೋ?’

ನಾನು ಹೇಳಲಿಲ್ಲ. ಹೆಸರು ತೆಗೆಯಬೇಡ ಎಂದಿದ್ದೆಯಲ್ಲ.

‘ಬ್ಯಾರೆ ಅರ್ಥ ಇಲ್ಲ ತಮ್ಮಾ. ಗಂಡಸರಿಗೂ ಅಂತಾರ ಅಂತ ಓದೇನಿ. ನಾ ಕೇಳಿದ್ದು ಮಾತ್ರ ಎಲ್ಲಾ ನನಗ ಅಂದದ್ದು’ ಎಂದು ನಕ್ಕರು. ಆಮೇಲೆ ಆ ಸೀರೆಯನ್ನೇ ಇಟ್ಟುಕೊಂಡರು.

ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ಅದೇ ಮಾತು ಅನ್ನಿಸಿಕೊಂಡವರು ಅದರ ಅರ್ಥವನ್ನು ಸ್ವಲ್ಪ ಮೆತ್ತಗೆ ಮಾಡಿ ಹೇಳುವುದಿಲ್ಲ ಎಂದು ಹೇಗೆ ಹೇಳುವುದು? ಮೋಟಾರು ಹತ್ತಿ ರೋಣಕ್ಕೆ ಬಂದು ನನ್ನ ಶಾಲೆಯ ಅದೇ ಮಾಸ್ತರರ ಬಾಗಿಲಿಗೆ ಹೋದೆ. ನನ್ನನ್ನು ಗುರುತಿಸಿದರು.

‘ಸಾಲಿ ಬಿಟ್ಟಾವ ಈಗ ಶಬ್ದ ಕೇಳಾಕ ಬಂದೀಯೇನಲೇ? ಸೀರಿ ಮಾರಾಕ ಅಲ್ಲಲ್ಲ?’

‘ಸೀರಿ ಬ್ಯಾಡ್ರಿ ನಿಮಗ. ಅರ್ಥ ಕೊಡ್ರಿ. ಪುಸ್ತಕದಾಗ ತೋರಸ್ರಿ, ಬಾಯಿಲೆ ಹೇಳೋದು ಬ್ಯಾಡ.’

ಅವರು ಬೈಯದೆ ನಿಘಂಟು ತಂದರು. ಬೆರಳಿಟ್ಟು ತೋರಿಸಿದರು. ನಾನು ಒಂದೊಂದೇ ಅಕ್ಷರ ಓದಿದೆ, ಮುಂದಿನ ಸಾಲನ್ನೂ ಹಿಂದಿನ ಸಾಲನ್ನೂ ಓದಿದೆ, ಎಲ್ಲಾದರೂ ಅಡಗಿದೆಯೇನೋ ಎಂದು. ನೀನು ಹೆದರಿದ್ದ ಅರ್ಥ ಅಲ್ಲಿರಲಿಲ್ಲ. ಮಿತಿ ಮೀರಿ ಖರ್ಚು ಮಾಡುವುದು, ಅಷ್ಟೇ.

‘ತಿಳೀತೇನ?’ ಎಂದರು ಮಾಸ್ತರರು. ‘ತಿಳಿದದ್ದು ಖರೇ ಆದ್ರ ಉಪಯೋಗ ಮಾಡಿ ತೋರಸು. ಒಂದ ವಾಕ್ಯ.’

ನಾನು ತಡ ಮಾಡಲಿಲ್ಲ. ‘ಮೈ ಕಾಕಾ ಈಸ್ ಎಕ್ಸ್‌ಟ್ರಾವಗಂಟ್.’

‘ಹ್ಯಾಂಗ?’

ಹೇಳಲು ಬಾಯಿ ತೆರೆದೆ. ಕಾಕಾನ ಕೋಟಿನ ಮೊಳಕೈಗೆ ತೇಪೆಯ ಮೇಲೆ ತೇಪೆ. ಬೆಂಕಿಕಡ್ಡಿಯನ್ನು ಬ್ಲೇಡಿನಿಂದ ಸೀಳಿ ಒಂದನ್ನು ಎರಡು ಮಾಡುತ್ತಾರೆ. ರೋಣದಿಂದ ನಮ್ಮೂರಿಗೆ ಎಷ್ಟೋ ಸಲ ನಡೆದೇ ಬಂದಿದ್ದಾರೆ. ಅವರು ತಮಗಾಗಿ ಹೆಚ್ಚು ಮಾಡಿದ್ದು ಯಾವುದು? ಎಷ್ಟು ಹುಡುಕಿದರೂ ಒಂದೂ ಸಿಗಲಿಲ್ಲ.

‘ಸುಳ್ಳರಿ ಸರ್’ ಎಂದೆ.

‘ಹಂಗಾರ ಖರೇ ಇದ್ದದ್ದೊಂದು ಹೇಳು.’

ನನಗೆ ಗೊತ್ತಿದ್ದ ನಿಜದ ವಾಕ್ಯ ಒಂದೇ ಇತ್ತು, ಅವ್ವಾ. ಅದು ನಿನ್ನ ಮೇಲಿನದು. ನೀನು ಕೊಟ್ಟು ಕೊಟ್ಟು ಒಂದು ವರ್ಷ ಮಳೆಗಾಲಕ್ಕೆ ಮೊದಲೇ ಕಾಳಿನ ಖೋಲಿ ಬರಿದಾಗಿ, ಹೊಳೆಮಣ್ಣೂರಿನ ಮಾವನ ಮನೆಯಿಂದ ಬಂಡಿಯಲ್ಲಿ ಜೋಳ ತಂದಿದ್ದೆವು. ಅಪ್ಪ ಬಂಡಿಯನ್ನು ಹಿತ್ತಲ ಕಡೆಯಿಂದ ತಂದ, ಊರವರು ನೋಡಬಾರದೆಂದು. ಅದನ್ನು ಇಲ್ಲವೆಂದು ಹೇಳಲಾರೆ. ಆದರೂ ಆ ವಾಕ್ಯ ನನ್ನ ಬಾಯಿಗೆ ಬರಲಿಲ್ಲ. ‘ಮಿತಿ ಅಂತ ಐತಲ್ರಿ ಇದರಾಗ, ಅದನ್ನ ಹಾಕಾವರು ಯಾರ್ರಿ?’ ಎಂದು ಕೇಳಿದೆ. ಮಾಸ್ತರರು ‘ಮೊದಲ ವಾಕ್ಯ ತಗೊಂಡ ಬಾ, ಆಮ್ಯಾಲೆ ವಾದ’ ಎಂದು ನಿಘಂಟು ಮುಚ್ಚಿದರು.

ಮೊನ್ನೆಯ ಎಳ್ಳಮಾವಾಸ್ಯೆಗೆ ಬನ್ನಿಗಿಡದ ಕೆಳಗೆ ಎಲ್ಲರೂ ಇದ್ದೆವು, ಬಾಜೂ ಹೊಲದವರೂ ಇದ್ದರು. ಅರ್ಥವನ್ನು ನಾನು ಇನ್ನೂ ವೈನಿಗೆ ಹೇಳಿರಲಿಲ್ಲ. ಮಂದಿಯ ಮುಂದೆ ಅಂದ ಮಾತಿಗೆ ಅರ್ಥವೂ ಮಂದಿಯ ಮುಂದೆಯೇ ಬರಬೇಕು ಎಂಬ ಹಟ. ಕಾಕಾ ಕಲಸಿದ ಚರಗವನ್ನು ಒಂದು ಮಾಪು ಅಳೆದು ಅಣ್ಣನ ಬುಟ್ಟಿಗೆ ಸುರುವಿದರು. ಬುಟ್ಟಿಯ ತಳವೂ ಮುಚ್ಚಲಿಲ್ಲ.

‘ಕಾಕಾ, ಎಕ್ಸ್‌ಟ್ರಾವಗಂಟ್ ಅಂದ್ರ ಏನ್ರಿ? ಎಲ್ಲಾರಿಗೂ ತಿಳಿಯೂ ಹಂಗ ಕನ್ನಡದಾಗ ಹೇಳ್ರಿ.’

‘ಸಾಲಿ ಬಿಟ್ಟಾವ್ಗ ಅದ್ಯಾಕ ಬೇಕಲೇ?’

‘ನನಗ ಗೊತ್ತಾಗೇತ್ರಿ. ನಿಮ್ಮ ಬಾಯಿಲೆ ಬರಲಿ.’

‘ದುಂದು ಮಾಡೋದು. ಮತ್ತೇನ?’

ಬಂಡಿಯ ಆಚೆಯಿಂದ ವೈನಿಯ ದನಿ ಬಂತು: ‘ಅಷ್ಟೇನ?’ ಆಮೇಲೆ ಅವಳು ನಕ್ಕಳು. ಎಂಥ ನಗೆ ಅಂತೀ! ‘ಯವ್ವಾ, ಅಷ್ಟಕ್ಕ ನಾ ಟ್ರಂಕ ಕಟ್ಟಿದ್ನಲ್ಲೋ!’ ಹೊಲದವರೂ ನಕ್ಕರು. ಕಾಕಾ ಮಾತ್ರ ಏನೂ ತಿಳಿಯದೆ ಅವಳ ಕಡೆ ನೋಡಿದರು, ನನ್ನ ಕಡೆ ನೋಡಿದರು.

‘ನಗಾಕ ಅವ್ವ ಇಲ್ರಿ ಈಗ’ ಎಂದೆ ನಾನು. ‘ನೀವು ಆಕೀನ್ನ ಕೆಟ್ಟ ಹೆಣಮಗಳು ಅಂದ್ರಿ ಅಂತ ತಿಳ್ಕೊಂಡಿದ್ಲು. ಹಂಗ ತಿಳ್ಕೊಂಡ ಸತ್ಲು.’

ಅಪ್ಪನ ಕೈಯಲ್ಲಿನ ತಂಬಿಗೆ ಓರೆಯಾಗಿ ನೀರು ಅವನ ಕಾಲ ಮೇಲೆ ಹೋಗುತ್ತಿತ್ತು. ಅವನಿಗೆ ಅದು ಗೊತ್ತಾಗಲಿಲ್ಲ. ‘ನಿಮ್ಮವ್ವ ನನ್ನ ಕೇಳಬಾರದಾಗಿತ್ತೇನ?’ ಎಂದರು ಕಾಕಾ.

‘ಹ್ಯಾಂಗ ಕೇಳ್ತಾಳ್ರಿ? ನೀವು ಹೌದು ಅಂದಿದ್ರ?’ ಎಂದೆ. ಆಮೇಲೆ ನಿಲ್ಲಲಾಗಲಿಲ್ಲ ನನಗೆ. ‘ದುಂದು ಮಾಡ್ತಿದ್ಲು, ಖರೇ. ಖೋಲಿ ಬರಿದಾದದ್ದೂ ಖರೇ. ನೀವು ಧಾರವಾಡದಾಗ ಓದೂ ಮುಂದ ಮೋಟಾರಿನವರ ಕೈಯಾಗ ಗದಗಕ್ಕ, ಅಲ್ಲಿಂದ ರೈಲಿಗೆ ಬುತ್ತಿ ಕಳಿಸ್ತಿದ್ಲಲ್ರಿ? ಅಪ್ಪ ಹೇಳ್ಯಾನ, ಗಂಟು ಎತ್ತಾಕ ಒಬ್ಬಗ ಆಗ್ತಿದ್ದಿಲ್ಲಂತ. ಅದಕ್ಕ ಯಾರು ಮಾಪ ಹಿಡದಿದ್ರು?’

ಕಾಕಾ ಬದುವಿನ ಮೇಲೆ ಕೂತರು. ಕೋಟಿಗೆ ಮಣ್ಣು ಹತ್ತುತ್ತದೆ ಎಂದು ನೋಡಿಕೊಳ್ಳದೆ ಅವರು ಕೂತದ್ದನ್ನು ನಾನು ಅದೇ ಮೊದಲು ಕಂಡೆ.

‘ಆ ಶಬ್ದ ನಾ ಕಲತಿದ್ದು ಅಲ್ಲೇ’ ಎಂದರು. ‘ಬೋರ್ಡಿಂಗಿನ್ಯಾಗ ಹುಡುಗ್ರೆಲ್ಲಾ ಬಡವರು, ಧರ್ಮದ ಊಟದವರು. ಮೇಲ್ವಿಚಾರಕರು ನನ್ನ ಗಂಟ ಎತ್ತಿ ಹಿಡದು ಎಲ್ಲಾರ ಮುಂದ ಹಿಂಗ ಅಂದ್ರು, ನಿಮ್ಮ ಮನೀ ಮಂದಿ ಎಕ್ಸ್‌ಟ್ರಾವಗಂಟ್ ಅಂತ. ಹುಡುಗ್ರು ನಕ್ರು. ನಕ್ಕೋತನ ಎಲ್ಲಾ ತಿಂದ್ರು. ಮುಂದ ಪ್ರತಿ ಸಲ ಗಂಟು ಬಂದಾಗ ನಾ ಭೂಮ್ಯಾಗ ಇಳೀತಿದ್ದೆ.’

ಇದು ನಿಜವೋ ಆಗ ಹೊಳೆದ ಕಥೆಯೋ ನನಗೆ ತಿಳಿಯದು. ಮೇಲ್ವಿಚಾರಕರನ್ನು ಹುಡುಕಿ ಕೇಳುವಂತಿಲ್ಲ. ನಿನಗೇನಾದರೂ ಅಲ್ಲಿ ತಿಳಿದರೆ... ಇರಲಿ.

ವೈನಿ ಬುಟ್ಟಿಯನ್ನು ಅಣ್ಣನ ಕೈಯಿಂದ ತೆಗೆದುಕೊಂಡಳು, ಇದ್ದ ಕಡಬು ಹೋಳಿಗೆಯನ್ನೆಲ್ಲ ಮುರಿದು ಕಲಸಿ ಕಂಠಮಟ್ಟ ತುಂಬಿದಳು. ‘ಇಲ್ಲೆ ತಾ’ ಎಂದು ಕಾಕಾ ಬುಟ್ಟಿ ಇಸಿದುಕೊಂಡು ಹೊರಟರು. ಎಲ್ಲಿ ಬಚ್ಚಿಡುತ್ತಾರೋ ಎಂದು ನನಗೆ ಅನುಮಾನ. ಅಪ್ಪನ ತಂಬಿಗೆ ಕಸಿದುಕೊಂಡು ಹಿಂದೆ ಹೋದೆ. ಅವರು ಜೋಳದ ಸಾಲಿನಲ್ಲಿ ತಲೆ ಬಗ್ಗಿಸಿ ನಡೆದರು. ಕೂಗಲಿಲ್ಲ, ಚೆಲ್ಲಲಿಲ್ಲ. ಹೊಲದ ಕೊನೆಯ ಮೂಲೆಗೆ ಹೋಗಿ ಬುಟ್ಟಿಯನ್ನು ಬೋರಲು ಹಾಕಿದರು. ಎಲ್ಲ ಒಂದೇ ಗುಡ್ಡೆ.

‘ಹಂಗಲ್ರಿ ಕಾಕಾ ಅದು.’

‘ಮತ್ತ ಹ್ಯಾಂಗ?’

ಅವರ ಮುಖ ನೋಡಿದೆ. ಸಿಟ್ಟಿನಿಂದ ಸುರುವಿದರೋ ಗೊತ್ತಿಲ್ಲದೆ ಸುರುವಿದರೋ ಎಂದು ಹುಡುಕಿದೆ. ಪ್ರತಿ ವರ್ಷ ಬದುವಿನ ಮೇಲೆ ಕೋಟು ತೊಟ್ಟು ನಿಂತವರಿಗೆ ಹೇಗೆ ಚೆಲ್ಲುವುದೆಂದು ಯಾರು ಕಲಿಸಿದ್ದರು? ನಾನು ಬಗ್ಗಿ ಒಂದು ಹಿಡಿ ತೆಗೆದು ಬೀಸಿದೆ, ನಿನ್ನಂತೆ ಕೂಗಲು ಹೋದೆ, ದನಿ ಒಡೆಯಿತು. ಆಗ ಬನ್ನಿಗಿಡದ ಕಡೆಯಿಂದ ವೈನಿ ಕೂಗಿದಳು, ಅವ್ವಾ. ‘ಹುಲ್ಲುಲ್ಲಿಗೋ!’ ಮೂರು ಹೊಲದ ಆಚೆ ಎತ್ತು ಕಿವಿ ನಿಮಿರಿಸಿತೋ ಇಲ್ಲವೋ, ನೋಡಿ ಬರಲು ನಾನು ಹೋಗಲಿಲ್ಲ. ಕಾಕಾ ಗುಡ್ಡೆಯ ಮುಂದೆ ಕೂತು ಹಿಡಿ ಹಿಡಿಯಾಗಿ ಚೆಲ್ಲುತ್ತಿದ್ದರು. ಸಣ್ಣ ಹಿಡಿ. ಆದರೆ ಚೆಲ್ಲುತ್ತಿದ್ದರು.

ಟ್ರಂಕು ಅಟ್ಟಕ್ಕೆ ಹೋಗಿದೆ. ಕೀಲಿಕೈ ವೈನಿಯ ಸೊಂಟದಲ್ಲಿದೆ. ಕಾಕಾ ಕೊಡುವ ಮೊದಲು ರೋಣದಲ್ಲಿ ಇನ್ನೊಂದು ಮಾಡಿಸಿಕೊಂಡಿರಬಹುದು, ನಾನು ಕಣ್ಣಿಟ್ಟಿದ್ದೇನೆ.

ಇನ್ನೊಂದು ಸುದ್ದಿ. ನಿನ್ನೆ ಸೀರೆಯ ಗಂಟು ಹೊತ್ತು ಗಜೇಂದ್ರಗಡಕ್ಕೆ ಹೊರಟವನು ರೋಣದಲ್ಲಿ ಇಳಿದು ಮಾಸ್ತರರ ಬಾಗಿಲಿಗೆ ಹೋದೆ. ‘ವಾಕ್ಯ ತಂದೀನ್ರಿ’ ಎಂದೆ. ಹೆಸರು ತೆಗೆಯಬೇಡ ಎಂದಿದ್ದೆ, ಹೆಸರು ತೆಗೆದಿಲ್ಲ. ನನ್ನ ತಾಯಿ ಎಂದಷ್ಟೇ ಹೇಳಿದೆ: ‘ಮೈ ಮದರ್ ವಾಸ್ ಎಕ್ಸ್‌ಟ್ರಾವಗಂಟ್.’ ಮಾಸ್ತರರು ಕನ್ನಡಕದ ಮೇಲಿನಿಂದ ನೋಡಿ, ‘ಹ್ಯಾಂಗ?’ ಎಂದರು. ನಾನು ಗಂಟು ಕೆಳಗಿಟ್ಟು ಅವರ ಕಟ್ಟೆಯ ಮೇಲೆ ಕೂತೆ. ಹೇಳುತ್ತ ಹೋದೆ. ಗಜೇಂದ್ರಗಡದ ಮೋಟಾರು ಹೋದದ್ದು ಕೇಳಿಸಿತು, ಏಳಲಿಲ್ಲ. ಬೆಳಕು ಇಳಿಯಿತು, ಅವರ ಮನೆಯವರು ದೀಪ ಹಚ್ಚಿ ತಂದಿಟ್ಟರು, ನಾನು ಇನ್ನೂ ಹೇಳುತ್ತಲೇ ಇದ್ದೆ.

ನಿನ್ನ ಬಸು